ಒಂಬತ್ತು ತಂತಿ, ಒಂದೇ ಹಾದಿ

ತಂತಿಗಳು ಹಲವಿದ್ದರೆ ಸಂಪರ್ಕ ಕಡಿಯುವ ಭಯವಿಲ್ಲವೆಂದು ನಂಬುವವರುಂಟು. ಆ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ೨೦೦೬ರ ಡಿಸೆಂಬರ್ ೨೬ರ ರಾತ್ರಿ ತೋರಿಸಿಕೊಟ್ಟಿತು.

ಅಂದು ತೈವಾನ್ ದ್ವೀಪದ ದಕ್ಷಿಣದ ಕಡಲಿನಲ್ಲಿ ಸುಮಾರು ೭ರ ಪ್ರಮಾಣದ ಭೂಕಂಪವಾಯಿತು. ಸಡಿಲಗೊಂಡ ಹೂಳು ಸಾಗರತಳದ ಕಣಿವೆಗಳಲ್ಲಿ ಪ್ರವಾಹವಾಗಿ ಧುಮುಕಿ, ನೂರಾರು ಕಿಲೋಮೀಟರ್ ದೂರ ಸಾಗಿ, ಅಡ್ಡ ಸಿಕ್ಕಿದ ಕೇಬಲ್‌ಗಳನ್ನು ಒಂದೊಂದಾಗಿ ಕಡಿದುಹಾಕಿತು. ತುಂಡಾದವು ಒಟ್ಟು ೯. ಪೂರ್ವ ಏಷ್ಯದ ದೂರವಾಣಿ, ಅಂತರಜಾಲ, ಬ್ಯಾಂಕು ವ್ಯವಹಾರಗಳೆಲ್ಲ ಕುಂಠಿತವಾದವು. ೧೧ ಹಡಗುಗಳು ದುಡಿದರೂ ದುರಸ್ತಿಗೆ ೪೯ ದಿನಗಳು ಹಿಡಿದವು.

ಆ ಕೇಬಲ್‌ಗಳ ಒಡೆಯರು ಬೇರೆ, ಹೆಸರು ಬೇರೆ. ಹಾದಿ ಮಾತ್ರ ಒಂದೇ. ತೈವಾನಿಗೂ ಫಿಲಿಪೈನ್ಸಿಗೂ ನಡುವಣ ಲೂಜಾನ್ ಜಲಸಂಧಿಯೇ ಆ ಹಾದಿ. ದೋಷವಿದ್ದುದು ಅಲ್ಲಿಯೇ.

ಆದ್ದರಿಂದ ಸಂಪರ್ಕಜಾಲದ ಶಿಲ್ಪಿಯು ತಂತಿಗಳನ್ನು ಎಣಿಸಿ ತೃಪ್ತನಾಗಲಾರ. ವಿಪತ್ತಿನ ವ್ಯಾಪ್ತಿಯಷ್ಟು ಅಗಲವಾದ ಒಂದು ವೃತ್ತವನ್ನು ಅವನು ಭೂಪಟದ ಮೇಲೆ ಸರಿಸುತ್ತ ಹೋಗುತ್ತಾನೆ. ಅದು ಮುಟ್ಟಿದ ತಂತಿ, ಕೇಂದ್ರಗಳೆಲ್ಲ ನಾಶವಾದುವೆಂದೇ ಲೆಕ್ಕ. ಆಗಲೂ ಊರಿಂದೂರಿಗೆ ಒಂದು ದಾರಿ ಉಳಿಯುವುದೇ? ಉಳಿಯದ ಕಡೆ, ದೂರದಿಂದ ಬಳಸಿ ಹೋಗುವ ಇನ್ನೊಂದು ಮಾರ್ಗ ಬೇಕು. ಅದಕ್ಕೆ ವೆಚ್ಚ ಹೆಚ್ಚು. ನೆಮ್ಮದಿಯ ದಿನಗಳಲ್ಲಿ ಅದು ವ್ಯರ್ಥವೆಂದೇ ತೋರೀತು.

ಮನೆಗೆ ಎರಡು ಬಾಗಿಲುಗಳಿದ್ದು, ಎರಡೂ ಒಂದೇ ಓಣಿಗೆ ತೆರೆದರೆ, ಓಣಿಗೆ ಬೆಂಕಿ ಬಿದ್ದ ದಿನ ಪ್ರಯೋಜನವೇನು? ಹಿತ್ತಿಲ ಬಾಗಿಲಿನ ಬೆಲೆ ತಿಳಿಯುವುದು ಅಂದೇ.