ಇಂಟರ್‌ವ್ಯೂಗೆ ಓದಿದ್ದು ಸಾಕು, ಈಗ ಬಾಯಿ ಬಿಡಿ

ಒಂದು ಭಾನುವಾರ ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗನ ಫೋನು. "ಅಣ್ಣ, ಶುಕ್ರವಾರ ಇಂಟರ್‌ವ್ಯೂ ಇದೆ. ನಾಲ್ಕೇ ದಿನ ಇರೋದು. ಏನು ಓದ್ಲಿ ಹೇಳು" ಅಂದ.

ಅವನಿರೋದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಬಿ.ಇ. ಮುಗಿದು ಒಂದು ವರ್ಷ ಆಯ್ತು, ಕ್ಯಾಂಪಸ್‌ನಲ್ಲಿ ಕೆಲಸ ಸಿಗಲಿಲ್ಲ. ಮನೆಯಲ್ಲಿ ಯಾರೂ ಒಂದು ಮಾತು ಅನ್ನುವುದಿಲ್ಲ. ಆದರೆ ಬಂದ ನೆಂಟರೆಲ್ಲ "ಏನ್ಮಾಡ್ತಿದಾನೆ ಈಗ?" ಅಂತ ಕೇಳ್ತಾರೆ. ಅದನ್ನು ಕೇಳಿಸಿಕೊಳ್ಳೋಕೆ ಆಗದೆ, ಯಾರಾದರೂ ಬಂದರೆ ರೂಮಿನಿಂದ ಹೊರಗೇ ಬರಲ್ವಂತೆ.

"ಓದೋದು ಆಮೇಲೆ. ಈಗ ನಾನೇ ಒಂದು ಪ್ರಶ್ನೆ ಕೇಳ್ತೀನಿ. ನಿನ್ನ ಫೈನಲ್ ಇಯರ್ ಪ್ರಾಜೆಕ್ಟ್ ಏನು?" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಅದು... ಗ್ರೂಪ್ ಪ್ರಾಜೆಕ್ಟ್ ಅಣ್ಣ" ಅಂದ.

ನನಗೆ ನಗು ಬರಲಿಲ್ಲ. 2023ರಲ್ಲಿ ನಾನೂ ಹೀಗೇ ಬಾಯಿ ಕಟ್ಟಿ ಕೂತಿದ್ದೆ.

ಆಗ ಐಟಿಯಲ್ಲಿ ಎಲ್ಲಿ ನೋಡಿದರೂ ಲೇಆಫ್ ಮಾತು. ನಮ್ಮ ಕಂಪನಿಯ ಪಟ್ಟಿಯಲ್ಲಿ ನನ್ನ ಹೆಸರೂ ಬಂತು. ಕಂಪನಿ ಇನ್ಶೂರೆನ್ಸ್‌ನಲ್ಲಿ ಅಪ್ಪನ ಮಂಡಿ ಆಪರೇಷನ್ ಮಾಡಿಸೋಣ ಅಂತ ದಿನ ನೋಡ್ತಿದ್ವಿ. ಕೆಲಸದ ಜೊತೆ ಇನ್ಶೂರೆನ್ಸೂ ಹೋಯ್ತು. "ನನಗೇನು ಅರ್ಜೆಂಟಿಲ್ಲ ಬಿಡೋ" ಅಂತ ಅಪ್ಪ ಅಂದರು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗೋದನ್ನ ನಾನು ದಿನಾ ನೋಡ್ತಿದ್ದೆ.

ಹಗಲೂ ರಾತ್ರಿ ಓದಿದೆ. ಆರು ಇಂಟರ್‌ವ್ಯೂ ಕೊಟ್ಟೆ, ಆರೂ ರಿಜೆಕ್ಟ್. ಒಂದರಲ್ಲಿ ಕೇಳಿದ್ದು ನನಗೆ ಚೆನ್ನಾಗಿ ಗೊತ್ತಿದ್ದ ಪ್ರಶ್ನೆ. ಲಿಂಕ್ಡ್ ಲಿಸ್ಟ್‌ನಲ್ಲಿ ಲೂಪ್ ಇದೆಯಾ ಅಂತ ಕಂಡುಹಿಡಿಯೋದು. ಹತ್ತು ನಿಮಿಷ ತಲೆ ಎತ್ತದೆ ಕೋಡ್ ಬರೆದೆ. "ಏನು ಯೋಚನೆ ಮಾಡ್ತಿದ್ದೀರಿ?" ಅಂತ ಎರಡು ಸಲ ಕೇಳಿದರು. ಎರಡು ಸಲವೂ "ಒನ್ ಮಿನಿಟ್ ಸರ್" ಅಂದೆ. ಕೋಡ್ ಸರಿಯಾಗಿತ್ತು, ಕೆಲಸ ಸಿಗಲಿಲ್ಲ.

ಯಾಕೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ, ಮೇಜಿನ ಆ ಕಡೆ ನಾನೇ ಕೂತಾಗ. ಈಗ ನಾನೂ ಇಂಟರ್‌ವ್ಯೂ ತಗೊಳ್ತೀನಿ. ಮುಗಿದ ಮೇಲೆ ಒಂದು ಫಾರಂ ತುಂಬಬೇಕು. ಪ್ರಶ್ನೆಯನ್ನು ಹೇಗೆ ಅರ್ಥಮಾಡಿಕೊಂಡರು? ಎಷ್ಟು ದಾರಿ ಯೋಚಿಸಿದರು? ತಪ್ಪು ತೋರಿಸಿದಾಗ ಏನು ಮಾಡಿದರು? ಸುಮ್ಮನೆ ಕೂತು ಬರೆದವರ ಬಗ್ಗೆ ಆ ಫಾರಂನಲ್ಲಿ ಬರೆಯೋಕೆ ನನ್ನ ಹತ್ತಿರ ಏನೂ ಇರಲ್ಲ. ಅವರ ತಲೆಯೊಳಗೆ ಏನಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?

ನಾವು ಪರೀಕ್ಷೆಗೆ ಬರೆದು ಬರೆದು ಬೆಳೆದವರು. ಉತ್ತರ ಗೊತ್ತಿದ್ದರೆ ಸಾಕು ಅಂದುಕೊಂಡಿರ್ತೀವಿ. ಇಂಟರ್‌ವ್ಯೂನಲ್ಲಿ ಗೊತ್ತಿರೋದನ್ನ ಜೋರಾಗಿ ಹೇಳಬೇಕು, ಅದಕ್ಕೆ ಬೇರೆಯದೇ ಅಭ್ಯಾಸ ಬೇಕು. ಹಾಗಾಗಿ ತಮ್ಮನಿಗೆ ಓದುವ ಪಟ್ಟಿ ಕೊಡಲಿಲ್ಲ, ನಾಲ್ಕು ದಿನದ ಮಾತಿನ ಪಟ್ಟಿ ಕೊಟ್ಟೆ.

ಸೋಮವಾರ: ರೆಸ್ಯೂಮೆ

ರೆಸ್ಯೂಮೆಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಎರಡು ನಿಮಿಷ ಮಾತಾಡು ಅಂದೆ. ಮಾತಾಡೋಕೆ ಆಗದ ಸಾಲನ್ನು ತೆಗೆದುಬಿಡು. ಒಂದು ದಿನ ಟ್ಯುಟೋರಿಯಲ್ ನೋಡಿ "ಮೆಷಿನ್ ಲರ್ನಿಂಗ್" ಅಂತ ಬರೆದುಕೊಂಡರೆ ಮೊದಲ ಪ್ರಶ್ನೆ ಅಲ್ಲಿಂದಲೇ ಬರಬಹುದು. ಹೊಸಬರಿಗೆ ಒಂದು ಪುಟ ಸಾಕು.

ಅವನ ಪ್ರಾಜೆಕ್ಟ್ ಹಾಲಿನ ಡೇರಿಗೆ ಲೆಕ್ಕ ಇಡುವ ಆ್ಯಪ್. "ಮೊದಲು ನಿಮ್ಮಮ್ಮನಿಗೆ ಕನ್ನಡದಲ್ಲಿ ವಿವರಿಸು" ಅಂದೆ. ಚಿಕ್ಕಮ್ಮ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವವರು. ಪೂರ್ತಿ ಕೇಳಿಸಿಕೊಂಡು, "ಫ್ಯಾಟ್ ಕಮ್ಮಿ ಬಂದ್ರೆ ನಿನ್ನ ಆ್ಯಪ್ ರೇಟು ಹೆಂಗೆ ಹಾಕ್ತದೆ?" ಅಂದರಂತೆ. ಇವನಿಗೆ ಗೊತ್ತಿಲ್ಲ, ಆ ಭಾಗ ಬರೆದಿದ್ದು ಗೆಳೆಯ. ಆ ರಾತ್ರಿಯೇ ಗೆಳೆಯನಿಗೆ ಫೋನ್ ಮಾಡಿ ಕೋಡ್ ತೆಗೆದು ನೋಡಿದ. ಗ್ರೂಪ್ ಪ್ರಾಜೆಕ್ಟ್ ಆದರೆ ನೀವು ಮಾಡಿದ್ದು ಯಾವುದು ಅಂತ ಸ್ಪಷ್ಟವಾಗಿ ಹೇಳಿ. ಆದರೆ ಉಳಿದವರು ಮಾಡಿದ್ದು ಹೇಗೆ ನಡೆಯುತ್ತೆ ಅನ್ನೋದೂ ತಿಳಿದಿರಲಿ.

ಮಂಗಳವಾರ: ಕೋಡಿಂಗ್ ಪ್ರಶ್ನೆ

ಐವತ್ತು ಪ್ರಶ್ನೆ ಓದಬೇಡ, ಆರು ಪ್ರಶ್ನೆ ಬಾಯಿಬಿಟ್ಟು ಮಾಡು ಅಂದೆ. ಉದಾಹರಣೆಗೆ, ಎಲ್ಲರಿಗೂ ಗೊತ್ತಿರುವ ಈ ಪ್ರಶ್ನೆ ತಗೊಳ್ಳಿ. ಒಂದು ಪಟ್ಟಿಯಲ್ಲಿ ಸಂಖ್ಯೆಗಳಿವೆ, ಯಾವ ಎರಡನ್ನು ಕೂಡಿದರೆ 100 ಬರುತ್ತೆ?

ತಕ್ಷಣ ಕೋಡ್ ಬರೆಯಬೇಡಿ. ಮೊದಲು ಕೇಳಿ: ಪಟ್ಟಿ ಸಾರ್ಟ್ ಆಗಿದೆಯಾ? ಒಂದೇ ಸಂಖ್ಯೆ ಎರಡು ಸಲ ಇರಬಹುದಾ? ಜೋಡಿ ಸಿಗದಿದ್ದರೆ ಏನು ಕೊಡಬೇಕು?

ಆಮೇಲೆ ಸುಲಭದ ದಾರಿ ಹೇಳಿ, ನಿಧಾನ ಆದರೂ ಪರವಾಗಿಲ್ಲ. "ಎಲ್ಲ ಜೋಡಿಗಳನ್ನೂ ನೋಡಬಹುದು. ಆದರೆ 10,000 ಸಂಖ್ಯೆ ಇದ್ದರೆ ಸುಮಾರು 5 ಕೋಟಿ ಜೋಡಿ ಆಗುತ್ತೆ." ಅಲ್ಲಿಂದ ಮುಂದಿನ ದಾರಿ: "ನೋಡಿದ ಸಂಖ್ಯೆಗಳನ್ನೆಲ್ಲ ಹ್ಯಾಶ್ ಮ್ಯಾಪ್‌ನಲ್ಲಿ ಇಟ್ಟುಕೊಂಡರೆ, 37 ಬಂದಾಗ 63 ಮೊದಲೇ ಬಂದಿತ್ತಾ ಅಂತ ನೋಡಿದರೆ ಸಾಕು. ಪಟ್ಟಿಯನ್ನು ಒಂದೇ ಸಲ ಓದಿದರೆ ಮುಗೀತು, ಆದರೆ ಮೆಮೊರಿ ಜಾಸ್ತಿ ಬೇಕು." ಬರೆದ ಮೇಲೆ ನೀವೇ ಪರೀಕ್ಷೆ ಮಾಡಿ. ಖಾಲಿ ಪಟ್ಟಿ ಕೊಟ್ಟರೆ? 50 ಒಂದೇ ಸಲ ಇದ್ದರೆ ಅದನ್ನೇ ಅದಕ್ಕೆ ಕೂಡಿಬಿಡುತ್ತಾ?

ಇಷ್ಟು ಮಾತಾಡಿದರೆ ಫಾರಂ ತುಂಬೋಕೆ ನನಗೆ ಬೇಕಾದಷ್ಟು ಸಿಗುತ್ತೆ. ಕೊನೆಯಲ್ಲಿ ಕೋಡ್ ಅರ್ಧಕ್ಕೆ ನಿಂತರೂ ನೀವು ಹೇಗೆ ಯೋಚನೆ ಮಾಡ್ತೀರಿ ಅಂತ ತಿಳಿದಿರುತ್ತೆ. ಯೋಚಿಸೋಕೆ ಸಮಯ ಬೇಕಾದರೆ "ಒಂದು ನಿಮಿಷ ಕೊಡ್ತೀರಾ?" ಅಂತ ಕೇಳಿ. ಕೇಳಿ ಸುಮ್ಮನಾಗೋದು ಬೇರೆ, ಕೇಳದೆ ಮುಳುಗಿಹೋಗೋದು ಬೇರೆ.

ಬುಧವಾರ: "ನಿಮ್ಮ ಬಗ್ಗೆ ಹೇಳಿ"

ಈ ಪ್ರಶ್ನೆಗೆ ಊರು, ಅಪ್ಪನ ಕೆಲಸ, ಹವ್ಯಾಸ ಎಲ್ಲ ಹೇಳೋರಿದ್ದಾರೆ. ಅದು ಬೇಕಿಲ್ಲ. ಒಂದೂವರೆ ನಿಮಿಷದಲ್ಲಿ ಮೂರು ವಿಷಯ ಹೇಳಿ: ಈಗ ಏನು ಮಾಡ್ತಿದ್ದೀರಿ, ಇಲ್ಲಿವರೆಗೆ ಮಾಡಿದ ಒಂದು ಒಳ್ಳೆ ಕೆಲಸ, ಈ ಕೆಲಸಕ್ಕೆ ಯಾಕೆ ಬಂದಿರಿ. ಮೂರನೆಯದಕ್ಕೆ ಕಂಪನಿ ಹಾಕಿದ ಕೆಲಸದ ವಿವರಣೆಯನ್ನು ಎರಡು ಸಲ ಓದಿರಬೇಕು. ಗ್ಯಾಪ್ ಇದ್ದರೆ ಮುಚ್ಚಬೇಡಿ. "ಒಂದು ವರ್ಷ ಕೆಲಸ ಸಿಗಲಿಲ್ಲ, ಆ ಹೊತ್ತಲ್ಲಿ ಇದನ್ನು ಕಲಿತೆ" ಅಂತ ಹೇಳಿ ಮುಂದಕ್ಕೆ ಹೋಗಿ.

ಇಂಗ್ಲಿಷ್ ಬಗ್ಗೆ ತಮ್ಮನಿಗೆ ತುಂಬ ಹೆದರಿಕೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ನನ್ನ ಹಾಗೆಯೇ. ನಾನು ಹೇಳಿದ್ದು ಇಷ್ಟೆ: ವಿಷಯವನ್ನು ಮೊದಲು ಕನ್ನಡದಲ್ಲಿ ಹೇಳಿಕೋ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಹೇಳು. ಪ್ರಶ್ನೆ ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳು. ಇಂಟರ್‌ವ್ಯೂ ತಗೊಳ್ಳುವಾಗ ನಾನು ವ್ಯಾಕರಣ ನೋಡಲ್ಲ, ಹೇಳಿದ್ದು ಅರ್ಥ ಆಯ್ತಾ ಅಂತ ನೋಡ್ತೀನಿ.

ಗುರುವಾರ: ತಾಲೀಮು

ಗೆಳೆಯನನ್ನು ಎದುರು ಕೂರಿಸಿಕೊಂಡು 45 ನಿಮಿಷದ ಪೂರ್ತಿ ಇಂಟರ್‌ವ್ಯೂ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ದನಿ ನೀವೇ ಕೇಳೋಕೆ ಕಷ್ಟ ಆಗುತ್ತೆ, ಆದರೂ ಕೇಳಿ. ಎಲ್ಲೆಲ್ಲಿ ನಿಂತಿರಿ ಅಂತ ಗೊತ್ತಾಗೋದು ಅಲ್ಲೇ.

ವಿಡಿಯೋ ಇಂಟರ್‌ವ್ಯೂ ಆದರೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಕರೆಂಟ್ ಹೋದರೆ ಇರಲಿ ಅಂತ ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಟುಕೊಳ್ಳಿ. ಬೆಳಕು ಮುಖದ ಮೇಲೆ ಬೀಳಲಿ. ಪಕ್ಕದ ಸ್ಕ್ರೀನಿನಲ್ಲಿ ಎಐ ಇಟ್ಟುಕೊಂಡು ಓದಿ ಹೇಳುವ ಯೋಚನೆ ಬೇಡ. ಕಣ್ಣು ಎಡದಿಂದ ಬಲಕ್ಕೆ ಓಡೋದು ಕಾಣುತ್ತೆ, "ಈ ಸಾಲು ಯಾಕೆ ಹೀಗೆ ಬರೆದಿರಿ?" ಅಂದರೆ ಕಥೆ ಮುಗೀತು. ಅಭ್ಯಾಸ ಮಾಡುವಾಗ ಅದೇ ಎಐಗೆ ಪ್ರಶ್ನೆ ಕೇಳು ಅನ್ನಿ, ಅದು ಒಳ್ಳೆ ಉಪಯೋಗ.

ಆಫರ್ ಬಂದರೆ

ಸಿಟಿಸಿ 6 ಲಕ್ಷ ಅಂದರೆ ತಿಂಗಳಿಗೆ 50 ಸಾವಿರ ಕೈಗೆ ಬರುತ್ತೆ ಅಂತ ಅಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಎಲ್ಲ ಅದರೊಳಗೇ ಇರಬಹುದು. ಫಿಕ್ಸೆಡ್ ಎಷ್ಟು, ಬಾಂಡ್ ಇದೆಯಾ, ನೋಟಿಸ್ ಪೀರಿಯಡ್ ಎಷ್ಟು, ಅಪ್ಪ ಅಮ್ಮನಿಗೆ ಇನ್ಶೂರೆನ್ಸ್ ಇದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಸಾಮಾನ್ಯವಾಗಿ ಯಾರೂ ಆಫರ್ ವಾಪಸ್ ತಗೊಳ್ಳಲ್ಲ. ಈಗಾಗಲೇ ಕೆಲಸದಲ್ಲಿದ್ದರೆ, ಆಫರ್ ಲೆಟರ್ ಕೈಗೆ ಬರುವ ತನಕ ರಾಜೀನಾಮೆ ಕೊಡಬೇಡಿ.

"ದುಡ್ಡು ಕಟ್ಟಿದರೆ ಕೆಲಸ ಗ್ಯಾರಂಟಿ", "ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿಕೊಡ್ತೀವಿ" ಅನ್ನುವವರು ಸಿಕ್ಕೇ ಸಿಗ್ತಾರೆ. ಕೆಲಸ ಕೊಡುವವರು ನಿಮ್ಮ ಹತ್ತಿರ ದುಡ್ಡು ಕೇಳಬಾರದು, ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ಅನುಭವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುತ್ತೆ, ಪಿಎಫ್ ದಾಖಲೆ ನೋಡಿದರೂ ಸಾಕು. ಆಗ ಸಿಕ್ಕ ಕೆಲಸವೂ ಹೋಗುತ್ತೆ.

ಶುಕ್ರವಾರ ಏನಾಯ್ತು?

ಸಂಜೆ ತಮ್ಮನ ಫೋನು ಬಂತು. ಮೊದಲ ರೌಂಡ್ ದಾಟಿದ, ಎರಡನೆಯದರಲ್ಲಿ ಆಗಲಿಲ್ಲ. ಡೇಟಾಬೇಸ್ ಇಂಡೆಕ್ಸ್ ಬಗ್ಗೆ ಕೇಳಿದರಂತೆ. "ಗೊತ್ತಿಲ್ಲ ಸರ್, ಆದರೆ ಪುಸ್ತಕದ ಕೊನೆಯಲ್ಲಿ ಇರುತ್ತಲ್ಲ, ಹಾಗೆ ಇರಬಹುದು" ಅಂತ ಊಹಿಸಿ ಹೇಳಿದನಂತೆ. ಅದು ಸರಿಯಾದ ಊಹೆಯೇ, ಮುಂದಿನ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. ಮುಗಿದ ಅರ್ಧ ಗಂಟೆಯೊಳಗೆ ಕೇಳಿದ ಪ್ರಶ್ನೆಯೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಒಟ್ಟು ಹನ್ನೊಂದು ಪ್ರಶ್ನೆ. ನೀವೂ ಹೀಗೆ ಬರೆದಿಡಿ, ಮುಂದಿನ ಸಲ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತೆ.

ನನಗೆ ಕೆಲಸ ಸಿಕ್ಕಿದ್ದು ಏಳನೇ ಇಂಟರ್‌ವ್ಯೂನಲ್ಲಿ. ಅಪ್ಪನ ಆಪರೇಷನ್ ಅಂದುಕೊಂಡಿದ್ದಕ್ಕಿಂತ ಎಂಟು ತಿಂಗಳು ತಡವಾಗಿ ಆಯ್ತು, ಈಗ ತೋಟಕ್ಕೆ ನಡೆದುಕೊಂಡೇ ಹೋಗ್ತಾರೆ. ತಮ್ಮನಿಗೆ ಬರುವ ಬುಧವಾರ ಇನ್ನೊಂದು ಇಂಟರ್‌ವ್ಯೂ ಇದೆ. ಈಗ ರೂಮಿನಲ್ಲಿ ಕೂರಲ್ವಂತೆ, ನಡುಮನೆಯಲ್ಲೇ ಜೋರಾಗಿ ಹೇಳಿಕೊಳ್ತಾನಂತೆ. ಮೊನ್ನೆ ಯಾರೋ ನೆಂಟರು ಬಂದು "ಏನ್ಮಾಡ್ತಿದಾನೆ ಈಗ?" ಅಂದಾಗ ಚಿಕ್ಕಮ್ಮ, "ಇಂಟರ್‌ವ್ಯೂಗೆ ತಾಲೀಮು ಮಾಡ್ತಾವ್ನೆ, ಕೂತ್ಕಳಿ, ನಿಮಗೂ ಹೇಳ್ತಾನೆ" ಅಂದರಂತೆ.