‘ಸುತ್ತು’ ಮತ್ತು ‘ತಿರುಗು’: ಕೇಂದ್ರದ ಪ್ರಶ್ನೆ

ಕನ್ನಡದಲ್ಲಿ ವರ್ತುಲ ಚಲನೆಯನ್ನು ಸೂಚಿಸುವ ಕ್ರಿಯಾಪದಗಳಲ್ಲಿ ‘ಸುತ್ತು’ ಮತ್ತು ‘ತಿರುಗು’ ಮುಖ್ಯವಾದವು. ಒಂದರ ಅರ್ಥವನ್ನು ಇನ್ನೊಂದರಿಂದ ಹೇಳಿ ಮುಗಿಸುವುದು ರೂಢಿ. ಭೇದ ಹೇಳಲೇಬೇಕಾದಾಗ ಖಗೋಳಶಾಸ್ತ್ರದ ಅಕ್ಷಭ್ರಮಣೆ–ಪರಿಭ್ರಮಣೆಗಳನ್ನು ಇವುಗಳ ಮೇಲೆ ಹೊರಿಸಲಾಗುತ್ತದೆ: ತನ್ನಲ್ಲೇ ಆಗುವ ಚಲನೆ ‘ತಿರುಗು’, ಇನ್ನೊಂದರ ಸುತ್ತಲಿನದು ‘ಸುತ್ತು’. ಈ ವಿವರಣೆ ಬಳಕೆಯೊಂದಿಗೆ ಹೊಂದುವುದಿಲ್ಲ. ಬುಗುರಿ ತಿರುಗುತ್ತದೆ, ಸುತ್ತುತ್ತದೆ ಕೂಡ. ಭೇದವಿರುವುದು ಚಲನೆಯ ಬಗೆಯಲ್ಲಲ್ಲ, ಕೇಂದ್ರಕ್ಕೆ ವಾಕ್ಯದಲ್ಲಿ ದೊರೆಯುವ ಸ್ಥಾನದಲ್ಲಿ ಎಂಬುದು ನಮ್ಮ ವಾದ.

ಈ ವಾಕ್ಯಗಳನ್ನು ಗಮನಿಸಬಹುದು (ನಕ್ಷತ್ರ ಚಿಹ್ನೆಯುಳ್ಳದ್ದು ಅಸಾಧು):

(1) ಭೂಮಿ ಸೂರ್ಯನನ್ನು ಸುತ್ತುತ್ತದೆ.
(2) ಭೂಮಿ ಸೂರ್ಯನ ಸುತ್ತ ತಿರುಗುತ್ತದೆ.
(3) *ಭೂಮಿ ಸೂರ್ಯನನ್ನು ತಿರುಗುತ್ತದೆ.

(1) ಮತ್ತು (2) ಹೇಳುವ ಸಂಗತಿ ಒಂದೇ. ಆದರೆ (1)ರಲ್ಲಿ ಕೇಂದ್ರವು ಕ್ರಿಯಾಪದದ ಕರ್ಮ, ದ್ವಿತೀಯಾ ವಿಭಕ್ತಿಯಲ್ಲಿದೆ. ‘ತಿರುಗು’ ಅಕರ್ಮಕವಾದುದರಿಂದ (2)ರಲ್ಲಿ ಕೇಂದ್ರವನ್ನು ಹೊರಗಿನಿಂದ ತರಬೇಕಾಗಿದೆ. ಅದನ್ನು ತಂದುಕೊಡುವ ‘ಸುತ್ತ’ ಎಂಬುದು ‘ಸುತ್ತು’ ಧಾತುವಿಗೇ ಸೇರಿದ್ದು. ಕೇಂದ್ರವಿಲ್ಲದೆಯೂ ‘ತಿರುಗು’ ಪೂರ್ಣ. ‘ಎಡಕ್ಕೆ ತಿರುಗು’ ಎಂಬಲ್ಲಿ ವರ್ತುಲವೇ ಇಲ್ಲ, ಮುಖ ಬದಲಾದರೆ ಸಾಕು. ‘ಎಡಕ್ಕೆ ಸುತ್ತು’ ಎಂದು ದಾರಿ ತೋರಿಸುವವರಿಲ್ಲ. ನಾಮರೂಪಗಳೂ ಇದನ್ನೇ ಹೇಳುತ್ತವೆ: ರಸ್ತೆಯಲ್ಲಿ, ಕಥೆಯಲ್ಲಿ ‘ತಿರುವು’, ಆಟದಲ್ಲಿ, ಮಾತುಕತೆಯಲ್ಲಿ ‘ಸುತ್ತು’. ಚಕ್ರ ‘ಅರ್ಧ ಸುತ್ತು ತಿರುಗಿತು’ ಎನ್ನುವಾಗಲಂತೂ ಒಂದು ಕ್ರಿಯೆಯಾಗಿದೆ, ಇನ್ನೊಂದು ಅದರ ಅಳತೆಯಾಗಿದೆ.

ಹಾಗಾದರೆ ‘ಸುತ್ತು’ ಎಂದರೆ ಹೊರಟಲ್ಲಿಗೆ ಮರಳುವ ಪೂರ್ಣ ವರ್ತುಲವೇ? ಅದೂ ಅಲ್ಲ. ‘ಕೆರೆಯನ್ನು ಸುತ್ತಿಕೊಂಡು ಹೋದರು’ ಎಂಬಲ್ಲಿ ಹೋದವರು ಆಚೆ ದಡ ಸೇರಿದರೇ ಹೊರತು ಮರಳಲಿಲ್ಲ. ವರ್ತುಲ ಅಪೂರ್ಣ, ಆದರೂ ಕೆರೆ ಕರ್ಮವಾಗಿಯೇ ಉಳಿದಿದೆ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯಲ್ಲಿ ವರ್ತುಲ ಪೂರ್ತಿ ಮಾಯವಾಗಿದೆ. ದೇಶದ ಗಡಿಯಗುಂಟ ನಡೆಯಿರೆಂದು ಯಾರೂ ಅರ್ಥಮಾಡುವುದಿಲ್ಲ. ಇಲ್ಲಿ ದೇಶವು ಕೇಂದ್ರವಾಗಿ ಉಳಿಯದೆ ಕ್ಷೇತ್ರವಾಗಿದೆ, ಆದರೆ ಅದರ ಕರ್ಮತ್ವ ಅಳಿದಿಲ್ಲ. ಅರ್ಥ ಸವೆದರೂ ವಾಕ್ಯರಚನೆ ಸವೆಯದಿರುವುದಕ್ಕೆ ಇದಕ್ಕಿಂತ ಸರಳ ನಿದರ್ಶನ ಸಿಗುವುದು ಕಷ್ಟ.

ಸುತ್ತಿಡುವ ಕ್ರಿಯೆಯಲ್ಲಿ ವಿಭಕ್ತಿಗಳು ಸ್ಥಾನ ಬದಲಿಸುತ್ತವೆ. ‘ಬೆರಳಿಗೆ ಬಟ್ಟೆಯನ್ನು ಸುತ್ತಿದಳು’ ಎಂಬಲ್ಲಿ ಚಲಿಸುವ ವಸ್ತು ದ್ವಿತೀಯೆಗೆ ಬಂದು ಕೇಂದ್ರ ಚತುರ್ಥಿಗೆ ಸರಿದಿದೆ. ‘ಚಾಪೆ ಸುತ್ತಿದ’ ಎಂಬುದು ಇನ್ನೂ ಕುತೂಹಲಕರ: ಸುತ್ತಿಕೊಳ್ಳುವುದೂ ಚಾಪೆಯೇ, ಕೇಂದ್ರವೂ ಚಾಪೆಯೇ. ಬುಗುರಿಯ ಉದಾಹರಣೆಯನ್ನೂ ಹೀಗೆಯೇ ವಿವರಿಸಬಹುದೆಂದು ತೋರುತ್ತದೆ. ಅಲ್ಲಿ ಕೇಂದ್ರ ಇಲ್ಲವೆಂದಲ್ಲ, ಅದು ಕರ್ತೃವಿನಲ್ಲಿಯೇ ಅಡಗಿದೆ. ಪ್ರಾಸಂಗಿಕವಾಗಿ, ತಮಿಳಿನ ‘ಸುಱ್ಱು’, ತೆಲುಗಿನ ‘ಚುಟ್ಟು’ ಇದರ ಜ್ಞಾತಿಪದಗಳು. ಆ ಭಾಷೆಗಳಲ್ಲಿ ಬಂಧುಬಳಗಕ್ಕೆ ‘ಸುಱ್ಱಮ್’, ‘ಚುಟ್ಟಮು’ ಎಂಬ ಪದಗಳಿವೆ. ಅಲ್ಲಿ ಕೇಂದ್ರದಲ್ಲಿರುವುದು ವ್ಯಕ್ತಿ.

ನುಡಿಗಟ್ಟುಗಳು ಈ ವಿಂಗಡಣೆಗೆ ಒಪ್ಪುತ್ತವೆ. ಬಿಸಿಲಿಗೆ ತಲೆ ಸುತ್ತುತ್ತದೆ, ತಿರುಗುತ್ತದೆ. ಆದರೆ ಅಧಿಕಾರ ಬಂದವನಿಗೆ ತಲೆ ‘ತಿರುಗುತ್ತದೆ’ ಮಾತ್ರ. ‘ತಿರುಗಿ ಬಂದ’, ‘ತಿರುಗಿಬಿದ್ದ’ ಎಂಬಲ್ಲಿಯೂ ಪ್ರಧಾನವಾದುದು ದಿಕ್ಕಿನ ಪಲ್ಲಟ.

ಲಿಯೊನಾರ್ಡ್ ಟಾಲ್ಮಿ ಅವರು 1985ರ ತಮ್ಮ ಪ್ರಬಂಧದಲ್ಲಿ ಚಲನೆಯ ಘಟನೆಯನ್ನು ಚಲಿಸುವ ವಸ್ತು, ಆಧಾರವಸ್ತು, ಪಥ, ರೀತಿ ಮೊದಲಾದ ಅಂಗಗಳಾಗಿ ಬಿಡಿಸಿದ್ದರು. ಆ ಪರಿಭಾಷೆಯಲ್ಲಿ ‘ಸುತ್ತು’ ಪಥವನ್ನು ಒಳಗೊಂಡು ಆಧಾರವಸ್ತುವನ್ನು ಕರ್ಮವಾಗಿ ಬೇಡುವ ಕ್ರಿಯಾಪದ. ‘ಉರುಳು’, ‘ಹೊರಳು’ಗಳಿಗೆ ಆ ಬೇಡಿಕೆಯಿಲ್ಲ, ಅವು ಹೇಳುವುದು ದೇಹ ಅಥವಾ ವಸ್ತು ಮಗುಚುವ ರೀತಿಯನ್ನು. ಉರುಳುಸೇವೆಯ ವರ್ಣನೆಯಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಕೂಡುತ್ತವೆ: ‘ಹರಕೆ ಹೊತ್ತವರು ಉರುಳುತ್ತ ಗುಡಿಯನ್ನು ಸುತ್ತಿದರು.’ ರೀತಿ ಕೃದಂತದಲ್ಲಿದೆ, ಪಥ ಪೂರ್ಣಕ್ರಿಯಾಪದದಲ್ಲಿದೆ. ‘*ಗುಡಿಯನ್ನು ಉರುಳಿದರು’ ಎಂದು ಹೇಳಲಾಗದು. ನಿಘಂಟುಗಳು ಇವನ್ನು ಸಮಾನಾರ್ಥಕಗಳೆಂದು ಒಟ್ಟಿಗೆ ಕೊಡುವಾಗ ಕನ್ನಡ ಕಲಿಯುವವರಿಗೆ, ಭಾಷಾಂತರಕಾರರಿಗೆ ಸಿಗದೆಹೋಗುವುದು ಈ ವಿಭಕ್ತಿಯ ಮಾಹಿತಿಯೇ.