ಪ್ಲಾಟಿನಮ್ ಕಣಕ್ಕೆ ಇಂಗಾಲದ ಆಸರೆ

ಮಣಿಪಾಲದ ಗುಡ್ಡದ ಮೇಲಿರುವ ನಾವು ಮಳೆಗಾಲದಲ್ಲಿ ಕೆಸುವಿನ ಎಲೆಗಳನ್ನು ನಿತ್ಯವೂ ಕಾಣುತ್ತೇವೆ. ಗಾಳಿ ಬೀಸಿದರೆ ಎಲೆಯ ಮೇಲಿನ ಕಿರುಹನಿಗಳು ಉರುಳಿ, ಒಂದರೊಡನೊಂದು ಕೂಡಿ, ದೊಡ್ಡ ಹನಿಯಾಗುತ್ತವೆ. ಇಂಧನಕೋಶದ ಪ್ಲಾಟಿನಮ್ ಕಣಗಳಿಗೂ ಹೀಗೆ ಕೂಡಿಕೊಳ್ಳುವ ಸ್ವಭಾವವುಂಟು. ಕೋಶದ ಬಲ ಕುಂದಲು ಇದೂ ಒಂದು ಕಾರಣ.

ಇಂಧನಕೋಶವೆಂದರೇನು? ಜಲಜನಕವನ್ನು ಸುಡದೆಯೇ ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ತನ್ನು ಪಡೆಯುವ ಸಾಧನ. ಹೊಗೆಯಿಲ್ಲ, ಹೊರಬರುವುದು ನೀರು ಮತ್ತು ಶಾಖ. 1839ರಷ್ಟು ಹಿಂದೆಯೇ ವಿಲಿಯಂ ಗ್ರೋವನು ಇದರ ತತ್ತ್ವವನ್ನು ತೋರಿಸಿದ್ದನು. 2024ರ ಜನವರಿಯಲ್ಲಿ ಇಸ್ರೋ ಸಂಸ್ಥೆಯು ಇಂಥದೊಂದು ಕೋಶವನ್ನು ಅಂತರಿಕ್ಷದಲ್ಲಿ ಪರೀಕ್ಷಿಸಿ 180 ವ್ಯಾಟ್ ವಿದ್ಯುತ್ತನ್ನು ಪಡೆಯಿತು.

ಕ್ರಿಯೆಯನ್ನು ಚುರುಕುಗೊಳಿಸಲು ಪ್ಲಾಟಿನಮ್ ಬೇಕು. ಅದಾದರೋ ವಿರಳ, ದುಬಾರಿ. ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಷ್ಟೆ, ಒಳಗಿನದು ವ್ಯರ್ಥ. 1 ಸೆಂಟಿಮೀಟರ್ ಅಂಚಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್, ಅಂದರೆ ಸೆಂಟಿಮೀಟರಿನ ಹತ್ತು ಲಕ್ಷದ ಒಂದು ಪಾಲು ಅಂಚಿನ ಘನಗಳಾಗಿ ಸೀಳಿದರೆ, ಒಟ್ಟು 600 ಚದರ ಮೀಟರ್! ಕಣಗಳು ಮತ್ತೆ ಕೂಡಿದರೆ ಈ ಲಾಭವು ಕರಗಿಹೋಗುತ್ತದೆ.

ಅವುಗಳಿಗೆ ಆಸರೆಯಾಗಿ ಈಗ ಗ್ರಾಫೀನನ್ನು ಪರೀಕ್ಷಿಸುತ್ತಿದ್ದಾರೆ. ಒಂದೇ ಪರಮಾಣುವಿನಷ್ಟು ದಪ್ಪದ ಈ ಇಂಗಾಲದ ಹಾಳೆಯನ್ನು 2004ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಬೇರ್ಪಡಿಸಿದರು. ಇದು ಉತ್ತಮ ವಿದ್ಯುದ್ವಾಹಕ. ಹಾಳೆಯಲ್ಲಿ ಅಲ್ಲಲ್ಲಿ ಸಾರಜನಕದ ಪರಮಾಣುಗಳನ್ನು ನೆಟ್ಟರೆ ಲೋಹದ ಕಣಗಳು ಅಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಹಾಳೆಗಳೇ ಪುಸ್ತಕದ ಪುಟಗಳಂತೆ ಒತ್ತಿಕೊಂಡು ಅನಿಲದ ದಾರಿಯನ್ನು ಮುಚ್ಚುವುದುಂಟು. ಅವುಗಳನ್ನು ಬಿಡಿಬಿಡಿಯಾಗಿರಿಸುವ ಉಪಾಯವು ಕೈಗೂಡಿದಷ್ಟೂ, ಸ್ವಲ್ಪವೇ ಪ್ಲಾಟಿನಮ್ ಹೆಚ್ಚು ಕಾಲ ದುಡಿಯುವುದು.